ಯಾವ ನೂರಕ್ಕೆ ನೂರು?

ನನಗೊಂದು ನೋಟಿಸ್ ಬಂದಿದೆ.

ಗಾಬರಿಯಾಗಬೇಡಿ. ಬ್ಯಾಂಕಿನದಲ್ಲ, ಕೋರ್ಟಿನದೂ ಅಲ್ಲ. ನಾನು ವಿಜ್ಞಾನ ಪಾಠ ಮಾಡುವ ಹೈಸ್ಕೂಲಿನ ಆಡಳಿತ ಮಂಡಳಿಯದು. ‘ಇದುವರೆಗೆ ನೂರಕ್ಕೆ ನೂರು ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶವು ಈ ಸಾಲಿನಲ್ಲಿ ಎಂಬತ್ತೇಳೂವರೆಗೆ ಕುಸಿದಿರುವ ಬಗ್ಗೆ ಹತ್ತನೇ ತರಗತಿಯ ಕ್ಲಾಸ್ ಟೀಚರ್ ಆದ ತಾವು ಲಿಖಿತ ಸಮಜಾಯಿಷಿ ನೀಡತಕ್ಕದ್ದು.’ ಕೆಳಗೊಂದು ಸೀಲು, ಸೀಲಿನ ಮೇಲೊಂದು ಸಹಿ.

ಸಮಜಾಯಿಷಿ ಎಂಬ ಪದ ಕಂಡರೇ ನನಗೆ ತಲೆ ಬಿಸಿಯಾಗುತ್ತದೆ. ಅದು ತಪ್ಪು ಮಾಡಿದವರು ಕೊಡುವಂಥದ್ದು. ನಾನು ತಪ್ಪು ಮಾಡಿಲ್ಲ. ಹಾಗಾಗಿ ಸಮಜಾಯಿಷಿ ಬರೆಯುವುದಿಲ್ಲ, ಅಂಕಣ ಬರೆಯುತ್ತೇನೆ. (ಅಂಕಣ ಬರೆದದ್ದೇಕೆ ಎಂದು ಇನ್ನೊಂದು ನೋಟಿಸ್ ಬಂದರೆ ಅದಕ್ಕೂ ಇಲ್ಲೇ ಜಾಗವಿದೆ.)

ಪ್ರತಿ ವಾರ ಈ ಮೂಲೆಯಲ್ಲಿ ನನ್ನ ಗೊಣಗಾಟ ಓದುವ ನಿಮಗೆ ನನ್ನ ದಿನಚರಿ ಗೊತ್ತೇ ಇದೆ. ಬೆಳಿಗ್ಗೆ ನಂಜನಗೂಡಿನ ಮನೆಗೆ ಬೀಗ ಹಾಕಿ ಬಸ್ ಹತ್ತುತ್ತೇನೆ. ತಿ. ನರಸೀಪುರದಲ್ಲಿ ಇಳಿದು ಇನ್ನೊಂದು ಬಸ್ ಹಿಡಿಯುತ್ತೇನೆ. ‘ಸರಾಸರಿ ಅರ್ಧ ಗಂಟೆಗೊಂದು ಬಸ್ ಐತೆ ಕಣ್ರೀ’ ಎಂದು ಅಲ್ಲಿನ ಟೀ ಅಂಗಡಿಯವರು ಸಮಾಧಾನ ಹೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಒಂದೂವರೆ ಗಂಟೆ ಒಂದೂ ಬರುವುದಿಲ್ಲ, ಆಮೇಲೆ ಮೂರು ಒಂದರ ಹಿಂದೊಂದು ಬರುತ್ತವೆ. ಸರಾಸರಿ ಸರಿಯಾಗಿಯೇ ಇದೆ, ಕಾಲು ನೋಯುವುದು ಮಾತ್ರ ನನ್ನದು.

ಇರಲಿ. ಫಲಿತಾಂಶ ಯಾಕೆ ಕುಸಿಯಿತು ಎಂದು ಕೇಳಿದ್ದಾರಲ್ಲ, ಅದಕ್ಕೆ ಉತ್ತರ ಸಿದ್ದರಾಜುವಿನ ಗೋಣಿತಾಟಿನಿಂದ ಶುರುವಾಗುತ್ತದೆ.

ಕಳೆದ ವರ್ಷ ಮುಂಗಾರಿನ ಹೊತ್ತಿಗೆ ಹತ್ತನೇ ಕ್ಲಾಸಿಗೆ ಒಂದು ಪ್ರಯೋಗ ಕೊಟ್ಟಿದ್ದೆ. ಪುಸ್ತಕದಲ್ಲಿ ಇಲ್ಲದ್ದು. ಮನೆಯಲ್ಲಿ ಬಿತ್ತನೆಗೆ ಇಟ್ಟ ಭತ್ತದಿಂದ ನೂರು ಕಾಳು ತೆಗೆಯಿರಿ. ಒದ್ದೆ ಗೋಣಿತಾಟಿನ ಮೇಲೆ ಸಾಲಾಗಿ ಜೋಡಿಸಿ, ಸುತ್ತಿ, ನೀರು ಚಿಮುಕಿಸುತ್ತಾ ಇಡಿ. ಕೆಲವು ದಿನ ಬಿಟ್ಟು ಬಿಚ್ಚಿ ಎಷ್ಟು ಮೊಳೆತಿವೆ ಎಂದು ಎಣಿಸಿ, ಪಟ್ಟಿ ಮಾಡಿ, ಸ್ತಂಭಾಲೇಖ ಬರೆದು ತನ್ನಿ. ಅಷ್ಟೇ.

ಎಲ್ಲರೂ ತಂದರು. ಒಬ್ಬೊಬ್ಬರದು ಒಂದೊಂದು ಥರ. ಒಬ್ಬಳ ಗೋಣಿಗೆ ಇಲಿ ಬಿದ್ದಿತ್ತು. ಒಬ್ಬ ನೀರು ಹಾಕುವುದನ್ನೇ ಮರೆತಿದ್ದ. ಇವೆಲ್ಲದರ ನಡುವೆ ಸಿದ್ದರಾಜು ಎದೆ ಸೆಟೆಸಿಕೊಂಡು ಎದ್ದು ನಿಂತ.

‘ನೂರಕ್ಕೆ ನೂರು ಮಿಸ್’ ಅಂದ.

‘ಒಂದೂ ಕೆಟ್ಟಿಲ್ವೇನೋ?’

‘ಇಲ್ಲ ಮಿಸ್. ಎಂಬತ್ತಾರ್ಕೆ ಎಂಬತ್ತಾರೂ ಮೊಳ್ತವೆ.’

‘ನೂರು ಕಾಳು ಇಡು ಅಂದಿದ್ನಲ್ಲ, ಎಂಬತ್ತಾರು ಎಲ್ಲಿಂದ ಬಂತು?’

‘ನೂರೇ ಇಕ್ಕಿದ್ದೆ ಮಿಸ್. ಮೊಳೀದೆ ಇದ್ದವ್ನ ತಗ್ದು ಬುಟ್ಟೆ. ಮೊಳೀದೆ ಇರದ್ನ ಎಣ್ಸಿ ಏನ್ ಮಾಡದು?’

ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ. ಅವನು ಮೋಸ ಮಾಡಿದವನಲ್ಲ, ನಿಜವಾಗಿಯೂ ಹಾಗೆ ತಿಳಿದಿದ್ದ. ಮೊಳೆಯದ ಕಾಳು ಕಾಳೇ ಅಲ್ಲ ಎಂಬುದು ಅವನ ತೀರ್ಮಾನ. ಆವತ್ತು ಇಡೀ ಪೀರಿಯಡ್ಡು ಇದರ ಮೇಲೇ ಹೋಯಿತು. ಶೇಕಡಾ ಅಂದರೆ ಎರಡು ಸಂಖ್ಯೆ ಕಣ್ರೋ, ಮೇಲೊಂದು, ಕೆಳಗೊಂದು. ಎಷ್ಟು ಮೊಳೆತವು ಅನ್ನುವುದು ಮೇಲಿನದು. ಎಷ್ಟು ಇಟ್ಟಿದ್ದೆವು ಅನ್ನುವುದು ಕೆಳಗಿನದು. ಪ್ರಯೋಗ ಶುರು ಮಾಡುವಾಗ ಕೆಳಗಿನದನ್ನು ಬರೆದುಕೊಂಡ ಮೇಲೆ ಅದನ್ನು ಮುಟ್ಟುವ ಹಾಗಿಲ್ಲ. ಕೆಟ್ಟ ಕಾಳೂ ಒಂದು ಕಾಳೇ. ಅದು ಯಾಕೆ ಕೆಟ್ಟಿತು ಎಂದು ಕೇಳಬೇಕಾದರೆ ಮೊದಲು ಅದು ಪಟ್ಟಿಯಲ್ಲಿ ಇರಬೇಕು.

ಆಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು. ಹೆಮ್ಮಿಗೆಯ ಹುಡುಗಿ, ಸುಜಾತ. ಇಂಗ್ಲಿಷ್ ಎಂದರೆ ಮೈಲಿ ದೂರ ಓಡುವವಳು, ಲೆಕ್ಕದಲ್ಲಿ ದೇವರೇ ಗತಿ. ಆದರೆ ಬಾಯಿ ಸುಮ್ಮನಿರುವುದಿಲ್ಲ.

‘ಮಿಸ್, ನಮ್ಮವ್ವ ಬಿತ್ನೆ ಭತ್ತವ ಉಪ್ನೀರ್ಗಾಕಿ, ಮೇಲೆ ತೇಲದ್ನೆಲ್ಲ ಬಾಚಿ ಕೋಳಿಗಾಕ್ತದೆ. ಸಿದ್ದರಾಜು ಮೊಳ್ತಮೇಲೆ ತಗ್ದ, ನಮ್ಮವ್ವ ಮೊಳಿಯಕ್ ಮುಂಚೇನೇ ತಗೀತದೆ. ಎರಡೂ ಒಂದೇ ಅಲ್ವಾ?’

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಪಟ್ಟಣದವರಿಗೆ ಹೇಳುತ್ತೇನೆ. ಬಕೆಟ್ ನೀರಿಗೆ ಉಪ್ಪು ಹಾಕುತ್ತಾ ಹೋಗಬೇಕು. ಕೋಳಿಮೊಟ್ಟೆ ಬಿಟ್ಟರೆ ಅದು ತೇಲುವಷ್ಟು ಉಪ್ಪಾಗಬೇಕು. ಆಮೇಲೆ ಭತ್ತ ಸುರಿದರೆ ಗಟ್ಟಿ ಕಾಳು ತಳಕ್ಕೆ ಹೋಗುತ್ತದೆ, ಜೊಳ್ಳು ಮೇಲೆ ಬರುತ್ತದೆ. ತಳದ್ದನ್ನು ಚೆನ್ನಾಗಿ ತೊಳೆದು ಬಿತ್ತನೆಗೆ, ಮೇಲಿನದು ಕೋಳಿಗೆ.

‘ಅದು ಬೇರೆ ಕಣೇ’ ಎಂದೆ. ‘ನಿಮ್ಮವ್ವನಿಗೆ ಗಟ್ಟಿ ಪೈರು ಬೇಕು, ಅದಕ್ಕೆ ಆರಿಸ್ತಾರೆ. ಅವರೇನು ಇಡೀ ಮೂಟೆ ನೂರಕ್ಕೆ ನೂರು ಅಂತ ಬೋರ್ಡು ಹಾಕ್ಕೋತಾರಾ?’

‘ಅದ್ಸರಿ ಮಿಸ್. ತೇಲದ್ದೆಲ್ಲ ಸತ್ತೋಗಿರ್ತವಾ? ಯಾರಾರ ಇಟ್ ನೋಡಿದ್ದಾರಾ?’

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ನೀನೇ ಇಟ್ಟು ನೋಡು ಎಂದೆ.

ಇಟ್ಟಳು. ಕೋಳಿಗೆ ಹೋಗಬೇಕಾಗಿದ್ದ ಜೊಳ್ಳನ್ನು ಅವ್ವನ ಕೈಯಿಂದ ಕಿತ್ತುಕೊಂಡು, ಉಪ್ಪು ಹೋಗುವ ಹಾಗೆ ತೊಳೆದು, ಗೋಣಿತಾಟಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ಆ ಗೋಣಿ ಸುರುಳಿಯನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದು ನನ್ನ ಮೇಜಿನ ಮೇಲೆ ಬಿಚ್ಚಿದಳು. ಹೆಚ್ಚಿನವು ಕೊಳೆತು ವಾಸನೆ ಬರುತ್ತಿದ್ದವು. ಆದರೆ ಅಲ್ಲಲ್ಲಿ, ಅಲ್ಲಲ್ಲಿ, ಬಿಳಿ ಮೊಳಕೆ. ಸಣಕಲು, ಒಂದೆರಡು ದಿನ ತಡ, ಆದರೂ ಮೊಳಕೆ. ಅವಳ ಪಟ್ಟಿಯಲ್ಲಿ ಮೊಳೆತದ್ದು, ಮೊಳೆಯದ್ದು, ‘ಗೊತ್ತಾಯ್ತಿಲ್ಲ’ ಎಂದು ಮೂರು ಸಾಲು ಇದ್ದವು. ಮೂರನೆಯ ಸಾಲು ನಾನು ಹೇಳಿಕೊಟ್ಟದ್ದಲ್ಲ. ಮೊಳಕೆಯೋ ಬೂಷ್ಟೋ ಎಂದು ಅನುಮಾನ ಬಂದವನ್ನು ಅವಳು ತನಗೆ ಬೇಕಾದ ಕಡೆಗೆ ತಳ್ಳಿಕೊಂಡಿರಲಿಲ್ಲ.

ಇಷ್ಟು ವರ್ಷ ವಿಜ್ಞಾನ ಪಾಠ ಮಾಡಿದ್ದೇನೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ರೀಡಿಂಗ್ ಬರೆಯುವ ಮಕ್ಕಳನ್ನು ಕಂಡು ಸುಸ್ತಾಗಿದ್ದೇನೆ. ಅಣ್ಣನ ರೆಕಾರ್ಡ್ ಬುಕ್ಕಿನಿಂದ ತಮ್ಮ, ತಮ್ಮನದರಿಂದ ಪಕ್ಕದ ಮನೆಯವನು. ಲೋಲಕ ಎಲ್ಲರ ಕೈಯಲ್ಲೂ ಒಂದೇ ಸಮಕ್ಕೆ ತೂಗುತ್ತದೆ, ಗಡಿಯಾರ ಕೆಟ್ಟು ನಿಂತಿದ್ದರೂ. ಅಂಥದ್ದರಲ್ಲಿ ‘ಗೊತ್ತಾಯ್ತಿಲ್ಲ’ ಎಂದು ಬರೆದ ಹುಡುಗಿ. ಅವಳನ್ನು ಕಂಡರೆ ನನಗೆ ಪ್ರೀತಿ ಬಂದದ್ದು ಆವತ್ತಿನಿಂದ, ಅದನ್ನು ಮುಚ್ಚಿಡುವುದೇನಿದೆ?

ಇನ್ನು ನಮ್ಮ ಶಾಲೆಯ ಬೋರ್ಡಿನ ವಿಷಯಕ್ಕೆ ಬರೋಣ.

ಗೇಟು ದಾಟಿದ ಕೂಡಲೇ ಎದುರಿಗೆ ಇದೆ. ಹಸಿರು ಬಣ್ಣ, ಬಿಳಿ ಅಕ್ಷರ. ವರ್ಷ, ವರ್ಷದ ಮುಂದೆ ನೂರು. ಅದರ ಕೆಳಗೆ ಮತ್ತೊಂದು ವರ್ಷ, ಅದರ ಮುಂದೂ ನೂರು. ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಇದರದೇ ಸ್ತಂಭಾಲೇಖ. ಎಲ್ಲ ಕಂಬವೂ ಒಂದೇ ಎತ್ತರ, ಒಳ್ಳೆ ಬೇಲಿ ಹಾಕಿದ ಹಾಗೆ. ಬೇಲಿಯೇ ಹೌದು ಎಂಬುದು ನನಗೆ ತಿಳಿದದ್ದು ಕಳೆದ ಚಳಿಗಾಲದಲ್ಲಿ, ಮೊದಲ ಸಲ ಹತ್ತನೇ ಕ್ಲಾಸಿನ ಉಸ್ತುವಾರಿ ನನ್ನ ಕೈಗೆ ಬಂದಾಗ.

ಪರೀಕ್ಷೆಗೆ ಅರ್ಜಿ ಕಳಿಸುವ ಸಮಯ. ಹೆಡ್ಮಾಸ್ಟರು ನನ್ನನ್ನು ರೂಮಿಗೆ ಕರೆದು ಒಂದು ಹಾಳೆ ಮುಂದಿಟ್ಟರು. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಎಂಟು ಹೆಸರು. ಮೇಲೆ ಶೀರ್ಷಿಕೆ: ಹಾಜರಾತಿ ಕೊರತೆ. ಈ ಎಂಟು ಮಕ್ಕಳು ಶಾಲೆಯ ಲೆಕ್ಕದಲ್ಲಿ ಪರೀಕ್ಷೆ ಬರೆಯುವ ಹಾಗಿಲ್ಲ, ಬೇಕಿದ್ದರೆ ಮುಂದಿನ ವರ್ಷ ಖಾಸಗಿಯಾಗಿ ಕಟ್ಟಿಕೊಳ್ಳಲಿ. ಕೆಳಗೆ ಕ್ಲಾಸ್ ಟೀಚರ್ ಸಹಿ.

‘ಇದು ಪ್ರತಿ ವರ್ಷ ಇರೋದೇ ಮೇಡಂ. ಒಂದು ಸೈನ್ ಹಾಕಿ’ ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಯಾರನ್ನೂ ಫೇಲ್ ಮಾಡಿದ ಹಾಗಾಗಬಾರದು, ಯಾರೂ ಫೇಲೂ ಆಗಬಾರದು.

ಎಂಟು ಹೆಸರಿನಲ್ಲಿ ಆರನೆಯದು ಸುಜಾತ.

ಹೌದು, ಅವಳು ನಾಟಿ ಸಮಯದಲ್ಲಿ ಶಾಲೆ ತಪ್ಪಿಸಿದ್ದಳು. ಅವ್ವನ ಜೊತೆ ಗದ್ದೆಗೆ ಇಳಿದಿದ್ದಳು. ಆದರೆ ನಾಟಿಗೆ ಅವಳೊಬ್ಬಳೇ ಇಳಿದಿದ್ದಳೇ? ಅರ್ಧ ಕ್ಲಾಸೇ ಗದ್ದೆಯಲ್ಲಿತ್ತು. ಹಾಗಾದರೆ ಈ ಎಂಟೇ ಯಾಕೆ?

ಹಾಳೆಯನ್ನು ಸಹಿ ಹಾಕದೆ ಸ್ಟಾಫ್ ರೂಮಿಗೆ ತಂದೆ. ಅಲ್ಲೊಂದು ಹಳೆಯ ಕರಿಹಲಗೆ ಇದೆ, ಯಾರ ಮನೆಯ ಊಟ ಯಾವತ್ತು ಎಂದು ಬರೆಯಲಿಕ್ಕೆ. ಒರೆಸಿದೆ. ಅಡ್ಡಗೆರೆ ಎಳೆದು ಹಾಜರಾತಿ ಎಂದು ಬರೆದೆ. ನೆಟ್ಟಗೆರೆ ಎಳೆದು ಅರ್ಧವಾರ್ಷಿಕ ಪರೀಕ್ಷೆಯ ಅಂಕ ಎಂದು ಬರೆದೆ. ಒಂದು ಮಗುವಿಗೆ ಒಂದು ಚುಕ್ಕಿ. ನಲವತ್ತು ಚುಕ್ಕಿ ಇಟ್ಟ ಮೇಲೆ ಕೆಂಪು ಸೀಮೆಸುಣ್ಣ ತೆಗೆದುಕೊಂಡು ಪಟ್ಟಿಯಲ್ಲಿದ್ದ ಎಂಟಕ್ಕೆ ಸುತ್ತು ಹಾಕಿದೆ.

ಹಾಜರಾತಿ ಕೊರತೆ ನಿಜವಾಗಿದ್ದರೆ ಕೆಂಪು ಸುತ್ತುಗಳೆಲ್ಲ ಎಡಗಡೆ ಗುಂಪಾಗಿ ಇರಬೇಕಿತ್ತು, ಅಲ್ಲವೇ? ಇರಲಿಲ್ಲ. ಎಡದಿಂದ ಬಲದವರೆಗೆ ಹರಡಿಕೊಂಡಿದ್ದವು, ಆದರೆ ಎಲ್ಲವೂ ತಳದಲ್ಲಿ, ಅಂದರೆ ಕಡಿಮೆ ಅಂಕದ ಕಡೆ. ಅದರಲ್ಲಿ ಒಬ್ಬ ಹುಡುಗ ಒಂದು ದಿನವೂ ಶಾಲೆ ತಪ್ಪಿಸಿದವನಲ್ಲ. ಕ್ಲಾಸಿನಲ್ಲಿ ಎಲ್ಲರಿಗಿಂತ ಎಡಗಡೆ, ಅಂದರೆ ಎಲ್ಲರಿಗಿಂತ ಕಡಿಮೆ ಹಾಜರಾತಿಯ ಚುಕ್ಕಿಯೊಂದಿತ್ತು. ಅದಕ್ಕೆ ಕೆಂಪು ಸುತ್ತು ಇರಲಿಲ್ಲ. ಆ ಹುಡುಗ ಕಾಮಾಲೆ ಬಂದು ವಾರಗಟ್ಟಲೆ ಮನೆಯಲ್ಲಿದ್ದ, ಪಾಪ. ಕ್ಲಾಸಿಗೇ ಫಸ್ಟ್ ಬರುವವನು. ಅವನನ್ನು ಪಟ್ಟಿಗೆ ಸೇರಿಸಿ ಎಂದು ನಾನು ಹೇಳುತ್ತಿಲ್ಲ. ಕಾಮಾಲೆಗೆ ಇರುವ ರಿಯಾಯಿತಿ ನಾಟಿಗೆ ಯಾಕಿಲ್ಲ ಎಂದು ಕೇಳುತ್ತಿದ್ದೇನೆ.

ಹೆಡ್ಮಾಸ್ಟರು ಬಂದು ಹಲಗೆ ನೋಡಿದರು. ಅವರು ಮೂಲತಃ ಗಣಿತದವರು, ನನ್ನ ಚಿತ್ರ ಅರ್ಥವಾಗಲು ಎರಡು ನಿಮಿಷ ಬೇಕಾಗಲಿಲ್ಲ.

‘ಬಾಗಿಲು ಹಾಕಿ ಮೇಡಂ’ ಎಂದರು.

‘ಯಾಕ್ಸಾರ್, ಗಾಳಿ ಬರಲಿ.’

‘ನೀವೂ ರೈತರ ಮನೆಯಿಂದ ಬಂದವರು. ಬಿತ್ತನೆಗೆ ಮುಂಚೆ ಜೊಳ್ಳು ತೆಗೆಯಲ್ವಾ? ಅದನ್ನ ಮೋಸ ಅಂತಾರಾ? ಮೇಲಿನವರು ರಿಸಲ್ಟ್ ಕೇಳ್ತಾರೆ. ರಿಸಲ್ಟ್ ಬಿದ್ದರೆ ಮುಂದಿನ ವರ್ಷ ಅಡ್ಮಿಷನ್ ಬೀಳುತ್ತೆ. ಅಡ್ಮಿಷನ್ ಬಿದ್ದರೆ ನಿಮ್ಮ ಪೋಸ್ಟೂ ಇಲ್ಲ, ನನ್ನದೂ ಇಲ್ಲ. ನಾನೇನು ಮಕ್ಕಳ ಮೇಲೆ ಹಗೆ ಸಾಧಿಸ್ತಿದ್ದೀನಾ?’

ಅವರು ಕೆಟ್ಟವರಲ್ಲ. ಅದು ನನಗೂ ಗೊತ್ತು. ಮಕ್ಕಳಿಗೆ ಜ್ವರ ಬಂದರೆ ತಮ್ಮ ಸ್ಕೂಟರಿನಲ್ಲೇ ಮನೆಗೆ ಬಿಟ್ಟು ಬರುವವರು. ಆದರೆ ಜೊಳ್ಳು ಎಂಬ ಮಾತು ಬಾಯಿಂದ ಬಂದದ್ದೇ ನನ್ನ ಮೈ ಉರಿದುಹೋಯಿತು.

‘ಜೊಳ್ಳು ತೆಗೆದ ರೈತ ಗೇಟಿನ ಮುಂದೆ ಬೋರ್ಡ್ ಹಾಕ್ಕೊಳ್ಳಲ್ಲ ಸರ್. ಇನ್ನೊಂದು ವಿಷಯ. ಯಾರನ್ನ ಜೊಳ್ಳು ಅಂತಿದ್ದೀರೋ ಆ ಹುಡುಗಿಯೇ ಜೊಳ್ಳನ್ನ ಮೊಳಕೆಗೆ ಇಟ್ಟು ನೋಡಿದಾಳೆ. ಅದೂ ಮೊಳೀತದೆ. ಎಲ್ಲ ಅಲ್ಲ, ಕೆಲವು. ಯಾವುದು ಅಂತ ಇಡೋಕೆ ಮುಂಚೆ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾನು ಸೈನ್ ಹಾಕಲ್ಲ.’

‘ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ’ ಎಂದು ಅವರು ಗೊಣಗಿಕೊಂಡು ಹೋದರು. ಪಾಠ ಮಾಡಿ ಪಾಸು ಮಾಡಿಸಲಾರದೆ ಲೆಕ್ಕದ ಮೇಲೆ ತಪ್ಪು ಹೊರಿಸುತ್ತಿದ್ದೇನೆ ಎಂದು ಅರ್ಥ. ಆಯಿತು, ಕುಣಿದೇ ತೋರಿಸೋಣ ಎಂದುಕೊಂಡೆ.

ಮರುದಿನ ಸುಜಾತಳ ಅವ್ವ ಬಂದರು. ಗದ್ದೆಯಿಂದ ನೇರ ಬಂದಿದ್ದರು, ಸೀರೆಯ ಅಂಚಿನಲ್ಲಿ ಕೆಸರು ಒಣಗಿತ್ತು. ಹೆಡ್ಮಾಸ್ಟರ ರೂಮಿನ ಹೊಸ್ತಿಲ ಆಚೆಗೇ ನಿಂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

‘ನಮ್ ಮಗ ಪರೀಕ್ಸೆಗೆ ಕೂರ್ಬಾರ್ದು ಅಂದ್ರಂತಲ್ಲ ಸಾ. ಅದೇನ್ ತಪ್ ಮಾಡ್ತು ಯೋಳಿ.’

‘ತಪ್ಪೇನಿಲ್ಲಮ್ಮ, ಹಾಜರಾತಿ ಕಡಿಮೆ ಇದೆ. ಬರೆದರೂ ಫೇಲಾಗ್ತಾಳೆ.’

‘ಪೇಲಾಗ್ಲಿ ಬುಡಿ ಸಾ. ಬರ್ದು ಪೇಲಾಗ್ಲಿ. ನಮ್ ವಂಸ್ದಲ್ಲಿ ಎಣ್ ಮಕ್ಳು ಯಾರೂ ಅಷ್ಟ್ ದೂರ ಓಗಿ ಪೇಲಾಗಿಲ್ಲ.’

ಹೆಡ್ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಬಾಗಿಲ ಪಕ್ಕದಲ್ಲಿದ್ದೆ. ಆ ಅವ್ವನ ಮಾತು ಕೇಳಿ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಬರೆದು ಫೇಲಾಗುವ ಹಕ್ಕನ್ನು ಕೈಯೊಡ್ಡಿ ಕೇಳಬೇಕಾದ ಸ್ಥಿತಿಗೆ ಒಬ್ಬ ತಾಯಿಯನ್ನು ನಿಲ್ಲಿಸಿದ್ದೇವಲ್ಲ, ಯಾವ ನೂರಕ್ಕೋಸ್ಕರ?

ಸಂಜೆ ಹೆಡ್ಮಾಸ್ಟರು ನನ್ನನ್ನು ಕರೆದರು. ‘ಎಂಟೂ ಅರ್ಜಿ ಕಳಿಸ್ತೀನಿ. ರಿಸಲ್ಟ್ ಬಿದ್ದರೆ ಹೊಣೆ ನಂದೇ ಅಂತ ನೀವು ಬರೆದುಕೊಡಿ.’

ಬರೆದುಕೊಟ್ಟೆ. ಎರಡು ಸಾಲು, ಕೆಳಗೆ ನನ್ನ ಸಹಿ. ಈಗ ಬಂದಿರುವ ನೋಟಿಸಿನ ಬೇರು ಆ ಎರಡು ಸಾಲು.

ಆಮೇಲೆ ಕುಣಿದದ್ದು ಹೇಗೆ ಎಂದು ವಿವರಿಸಿ ನಿಮಗೆ ಬೇಸರ ಮಾಡುವುದಿಲ್ಲ. ಶಾಲೆ ಬಿಟ್ಟ ಮೇಲೆ ಕ್ಲಾಸು, ಭಾನುವಾರ ಕ್ಲಾಸು. ನಮ್ಮ ಮ್ಯಾಥ್ಸ್ ಮೇಷ್ಟ್ರು ಮೊದಲು ಮುಖ ಗಂಟಿಕ್ಕಿಕೊಂಡಿದ್ದರು, ಆಮೇಲೆ ತಾವೇ ಬೆಲ್ಲಕ್ಕೆ ಮುತ್ತಿದ ಇರುವೆಯ ಹಾಗೆ ಆ ಎಂಟು ಮಕ್ಕಳನ್ನು ಹಿಡಿದುಕೊಂಡು ಕೂತರು. ಸುಜಾತ ಇಂಗ್ಲಿಷ್ ಪದ್ಯವನ್ನು ಬಸ್ಸಿನಲ್ಲಿ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳಂತೆ. ಮುಡುಕುತೊರೆ ಕಡೆಯಿಂದ ಬರುವ ಮೊಸರಿನ ಹೆಂಗಸರಿಗೂ ಅದು ಬಂದುಬಿಟ್ಟಿದೆ ಎಂದು ಸಿದ್ದರಾಜು ವರದಿ ಕೊಟ್ಟ. (ಅವನ ವರದಿಯಲ್ಲಿ ಎಷ್ಟು ಪರ್ಸೆಂಟ್ ನಿಜ ಎಂದು ನಾನು ಕೇಳಲಿಲ್ಲ.)

ರಿಸಲ್ಟ್ ದಿನ ಹೆಡ್ಮಾಸ್ಟರು ತಿ. ನರಸೀಪುರದ ಸೈಬರ್ ಸೆಂಟರಿನಲ್ಲಿ ಕೂತು ಒಂದೊಂದೇ ನಂಬರ್ ಹಾಕಿಸಿ ನೋಡಿದರು. ನಾನು ಅವರ ಹಿಂದೆ ನಿಂತಿದ್ದೆ. ಪಟ್ಟಿಯ ಹೊರಗಿದ್ದ ಮೂವತ್ತೆರಡು ಮಕ್ಕಳೂ ಪಾಸು. ಆ ಎಂಟರಲ್ಲಿ ಮೂವರು ಪಾಸು, ಐವರು ಫೇಲು.

ಸುಜಾತ ಐವರಲ್ಲಿ ಒಬ್ಬಳು. ಇಂಗ್ಲಿಷ್ ಪಾಸಾಗಿತ್ತು. ವಿಜ್ಞಾನದಲ್ಲಿ ನಾನು ಎಣಿಸಿದ್ದಕ್ಕಿಂತ ಹೆಚ್ಚೇ ಬಂದಿತ್ತು. ಲೆಕ್ಕ ಹೋಗಿತ್ತು.

‘ಎಂಟಕ್ಕೆ ಐದು ಫೇಲ್. ನಾನು ಹೇಳಿದ್ದೇ ಸರಿಯಾಯ್ತಲ್ಲ ಮೇಡಂ’ ಎಂದರು ಹೆಡ್ಮಾಸ್ಟರು. ಗೆದ್ದ ದನಿಯಲ್ಲಿ ಅಲ್ಲ, ಸುಸ್ತಾದ ದನಿಯಲ್ಲಿ.

‘ಎಂಟಕ್ಕೆ ಮೂರು ಪಾಸ್. ನಾನು ಹೇಳಿದ್ದೂ ಸರಿಯಾಯ್ತು ಸರ್’ ಎಂದೆ.

ಒಂದೇ ಸಂಖ್ಯೆ. ಅವರು ಒಂದು ಕಡೆಯಿಂದ ಓದಿದರು, ನಾನು ಇನ್ನೊಂದು ಕಡೆಯಿಂದ. ಆದರೆ ವಿಜ್ಞಾನದ ಟೀಚರ್ ಆಗಿ ನಾನು ಒಂದು ಮಾತನ್ನು ನೇರವಾಗಿ ಹೇಳಬೇಕು. ಎಂಟು ಮಕ್ಕಳಿಂದ ಲೋಕದ ಬಗ್ಗೆ ಯಾವ ದೊಡ್ಡ ತೀರ್ಮಾನಕ್ಕೂ ಬರುವ ಹಾಗಿಲ್ಲ. ಅಷ್ಟು ಸಣ್ಣ ಲೆಕ್ಕದಲ್ಲಿ ಒಬ್ಬರಿಗೆ ಪರೀಕ್ಷೆಯ ದಿನ ತಲೆನೋವು ಬಂದರೂ ಉತ್ತರ ಅಲ್ಲಾಡುತ್ತದೆ. ಆ ಮೂವರನ್ನು ತೋರಿಸಿ ನಾನು ಗೆದ್ದೆ ಎಂದು ಕುಣಿದರೆ, ಮೊಳೆತ ಕಾಳನ್ನು ಮಾತ್ರ ಎಣಿಸಿದ ಸಿದ್ದರಾಜುವಿಗೂ ನನಗೂ ಏನು ವ್ಯತ್ಯಾಸ?

ಹಾಗಾಗಿ ಕೇಳಿಸಿಕೊಳ್ಳಿ. ಎಂಟಕ್ಕೆ ಎಂಟೂ ಫೇಲಾಗಿದ್ದರೂ ನಾನು ಇದೇ ಅಂಕಣವನ್ನು, ಇದೇ ಸಿಟ್ಟಿನಲ್ಲಿ ಬರೆಯುತ್ತಿದ್ದೆ. ಪಾಸಾಗುವವರಿಗೆ ಮಾತ್ರ ಪರೀಕ್ಷೆ ಎನ್ನುವುದಾದರೆ ಪರೀಕ್ಷೆ ಯಾತಕ್ಕೆ?

ಮೇಲಿನ ಸಂಖ್ಯೆಯನ್ನು ಏರಿಸಬೇಕಾದರೆ ಪಾಠ ಮಾಡಬೇಕು. ಕೆಳಗಿನ ಸಂಖ್ಯೆಯನ್ನು ಇಳಿಸಲಿಕ್ಕೆ ಒಂದು ರಬ್ಬರ್ ಸಾಕು. ಎರಡಕ್ಕೂ ಸಿಗುವ ಬಹುಮಾನ ಒಂದೇ ಆದಾಗ ಯಾರು ಪಾಠ ಮಾಡುತ್ತಾರೆ, ಹೇಳಿ.

ನಮ್ಮ ಶಾಲೆಯೊಂದರದೇ ಕಥೆ ಎಂದುಕೊಂಡಿರಾ? ಈಗ ಪೇಪರು ಬಿಚ್ಚಿದರೆ ಟ್ಯುಟೋರಿಯಲ್ ಜಾಹೀರಾತಿನಲ್ಲಿ ಸಾಲಾಗಿ ನಗುವ ಮುಖಗಳು. ಸೇರಿದವರೆಷ್ಟು ಎಂದು ಯಾವ ಜಾಹೀರಾತೂ ಹೇಳುವುದಿಲ್ಲ. ಹಲ್ಲುಪುಡಿ ಮಾರುವವರು ಹತ್ತು ಡಾಕ್ಟರಲ್ಲಿ ಒಂಬತ್ತು ಮಂದಿ ಒಪ್ಪಿದರು ಎನ್ನುತ್ತಾರೆ, ಯಾವ ಹತ್ತು ಎಂದು ನಾವು ಕೇಳುವುದಿಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು ಎಂಬ ಗಾದೆ ನಮ್ಮದು. ಗಾದೆ ಸರಿ. ಆದರೆ ಆ ಅಗುಳನ್ನು ಪಾತ್ರೆಯ ಯಾವ ಮೂಲೆಯಿಂದ ತೆಗೆದಿರಿ? ಸೌಟು ಹಾಕಿ ಕಲಕಿದಿರಾ? ಅಡುಗೆಮನೆಯಲ್ಲಿ ಕೇಳುವ ಈ ಪ್ರಶ್ನೆಯನ್ನು ಅಂಕಿಅಂಶ ಎಂದ ಕೂಡಲೇ ನಾವು ಯಾಕೆ ಮರೆತು ಕೈಮುಗಿದು ನಿಲ್ಲುತ್ತೇವೋ ಗೊತ್ತಿಲ್ಲ.

ಬೋರ್ಡಿಗೆ ಈ ವರ್ಷದ ಸಂಖ್ಯೆ ಬರೆಯುವುದೋ ಬೇಡವೋ ಎಂದು ಒಂದು ವಾರ ಚರ್ಚೆಯಾಯಿತು. ಜಾಗ ಖಾಲಿ ಬಿಡೋಣ ಎಂದರು ಕೆಲವರು. ಬೋರ್ಡನ್ನೇ ತೆಗೆದುಬಿಡೋಣ, ಬಣ್ಣ ಮಾಸಿದೆ ಎಂದರು ಮಂಡಳಿಯ ಸದಸ್ಯರೊಬ್ಬರು. ‘ಅದೇನು ಎಂಬತ್ತೇಳೂವರೆ ಮೇಡಂ, ಆ ಅರ್ಧ ಮಗು ಯಾವುದು?’ ಎಂದು ಇನ್ನೊಬ್ಬರು ತಮಾಷೆ ಮಾಡಿದರು. ನಾನು ನಗಲಿಲ್ಲ. ಕೊನೆಗೆ, ನಂಬಿದರೆ ನಂಬಿ, ಹೆಡ್ಮಾಸ್ಟರೇ ಡ್ರಾಯಿಂಗ್ ಮೇಷ್ಟ್ರನ್ನು ಕರೆದು ‘ಬರೀರಿ’ ಎಂದರು. ಅಷ್ಟೇ.

ಬಣ್ಣ ಇನ್ನೂ ಹಸಿಯಾಗಿದ್ದಾಗಲೇ ಸುಜಾತ ಅಂಕಪಟ್ಟಿ ತೆಗೆದುಕೊಂಡು ಹೋಗಲು ಬಂದಳು. ನಾನು ಅವಳಿಗೆ ಹೇಳಬೇಕೆಂದು ನಾಲ್ಕು ಸಮಾಧಾನದ ಮಾತು ಜೋ‌ಡಿಸಿಕೊಂಡಿದ್ದೆ. ಅವಳು ನನ್ನ ಕಡೆ ನೋಡಲೇ ಇಲ್ಲ, ಬೋರ್ಡ್ ನೋಡುತ್ತಾ ನಿಂತುಬಿಟ್ಟಳು. ತುಟಿ ಅಲ್ಲಾಡಿಸುತ್ತಾ ಏನೋ ಲೆಕ್ಕ ಹಾಕುತ್ತಿದ್ದಳು. ಲೆಕ್ಕದಲ್ಲಿ ಫೇಲಾದ ಹುಡುಗಿ.

‘ಮಿಸ್, ಇದ್ರಲ್ಲಿ ನನ್ನೂ ಸೇರ್ಸಿದೀರಾ?’

‘ಸೇರ್ಸಿದೀವಿ ಕಣೇ.’

‘ಪೇಲಾಗಿದ್ರೂನೂವಾ?’

‘ಫೇಲಾಗಿದ್ರೂ. ಕೆಳಗಿನ ನಲವತ್ತರಲ್ಲಿ ನೀನೂ ಒಬ್ಬಳು.’

ಅವಳು ಇನ್ನೊಂದು ಸಲ ಬೋರ್ಡ್ ನೋಡಿದಳು. ಮುಖ ಸಪ್ಪೆಯಾಗಿರಲಿಲ್ಲ. ತನ್ನ ಹೆಸರನ್ನೇ ಅಲ್ಲಿ ಬರೆದಿದ್ದಾರೇನೋ ಎಂಬಂತೆ ನೋಡುತ್ತಿದ್ದಳು.

‘ಸರಿ ಬುಡಿ ಮಿಸ್. ಸಪ್ಲಿಮೆಂಟ್ರೀಲಿ ಲೆಕ್ಕ ಪಾಸ್ ಮಾಡ್ಕಂಡ್ರೆ ಇನ್ನೊಂದ್ ಬೋರ್ಡ್ ಮಾಡಿಸ್ಬೇಕಾಯ್ತದೆ ನೀವು’ ಎಂದು ಅಂಕಪಟ್ಟಿಯನ್ನು ಮಡಚಿ ಬ್ಲೌಸಿನೊಳಗೆ ಸೇರಿಸಿಕೊಂಡು ಬಸ್ಸಿಗೆ ಓಡಿದಳು. ಆವತ್ತು ಬಸ್ ಸರಿಯಾದ ಸಮಯಕ್ಕೆ ಬಂದಿತ್ತು, ಅಪರೂಪಕ್ಕೆ.

ಈಗ ನೋಟಿಸಿನ ಮುಂದೆ ಕೂತಿದ್ದೇನೆ. ಸಮಜಾಯಿಷಿಗೆ ಎಂದು ಅವರು ಬಿಟ್ಟಿರುವ ಖಾಲಿ ಜಾಗ ಅರ್ಧ ಪುಟದಷ್ಟಿದೆ. ನನಗೆ ಅಷ್ಟು ಬೇಕಾಗಿಲ್ಲ. ಬರೆದದ್ದು ಇಷ್ಟು:

ಫಲಿತಾಂಶ ಕುಸಿದಿಲ್ಲ ಸ್ವಾಮಿ, ಈ ವರ್ಷ ಎಲ್ಲರನ್ನೂ ಎಣಿಸಿದ್ದೇವೆ.